ಬೆಟ್ಟದ ದರಕಿಗೂ ಒಂದು ಲೆಕ್ಕ

ಶಿರಸಿ ಸಮೀಪದ ಒಂದು ಮನೆಯ ಜಗಲಿಯಲ್ಲಿ ಕೂತು ಅಡಿಕೆ ತೋಟದ ಖರ್ಚಿನ ಪುಸ್ತಕ ನೋಡುತ್ತಿದ್ದೆ. ಕೊನೆ ಕೊಯ್ದದ್ದು, ಮದ್ದು ಹೊಡೆದದ್ದು, ಅಡಿಕೆ ಸುಲಿದದ್ದು, ಎಲ್ಲ ಬರೆದಿತ್ತು. ಗೊಬ್ಬರಕ್ಕೆ ತರುವ ಸೊಪ್ಪು, ದರಕಿನ (ಉದುರಿದ ಒಣ ಎಲೆ) ಎದುರು ಮಾತ್ರ ಹೊತ್ತವರ ಕೂಲಿಯೊಂದೇ.

"ಸೊಪ್ಪಿನ ಬೆಲೆ?" ಎಂದು ಮನೆಯ ಯಜಮಾನರನ್ನು ಕೇಳಿದೆ.

"ಅದು ಬೆಟ್ಟದ್ದಲ್ದಾ, ಅದ್ಕೆಂತ ದುಡ್ಡು?"

"ಅಷ್ಟೇ ಗೊಬ್ಬರ ಪೇಟೆಯಿಂದ ತಂದಿದ್ದರೆ?"

ಅವರು ಪೆನ್ನು ತಗೊಂಡರು. ಹೊರೆ ಎಣಿಸುತ್ತಾ ಕೂತರು. ಚಹಾ ಆರಿಹೋಯಿತು. ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ತರುವ ಕಾಡು, ಬಿಟ್ಟದ್ದು ಸುಮ್ನೆ ಅಲ್ಲ. ಆ ಬೆಟ್ಟ ಬೋಳಾದರೆ ತೋಟದ ಲಾಭ ಎಲ್ಲಿ ಉಳಿಯುತ್ತದೆ? ಎರಡು ತಿಂಗಳ ಮೇಲೆ ಅವರೇ ಫೋನ್ ಮಾಡಿ ನಮ್ಮ ಪರಿಸರ ಅರ್ಥಶಾಸ್ತ್ರ ಸಂಘದ ಸದಸ್ಯತ್ವದ ಅರ್ಜಿ ಕೇಳಿದರು.

ಪರಿಸರ ಅರ್ಥಶಾಸ್ತ್ರದ ಸಂಘಕ್ಕೆ ಸದಸ್ಯರನ್ನು ಸೇರಿಸುವುದು ಹೇಗೆ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಲೆಕ್ಕಕ್ಕೆ ಕೂರಿಸಿ, ಅರ್ಜಿ ಆಮೇಲೆ. ವ್ಯಾಪಾರ, ವಹಿವಾಟು ಎಲ್ಲ ಪ್ರಕೃತಿಯ ಒಳಗೇ ನಡೆಯುತ್ತವೆ, ಅದರ ಮಿತಿ ಮೀರಿ ಬೆಳೆಯಲಾರವು ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಹರ್ಮನ್ ಡೇಲಿ ಜೀವನವಿಡೀ ಹೇಳಿದರು. ಈ ವಿಷಯದ ಅಂತರರಾಷ್ಟ್ರೀಯ ಸಂಘ ಶುರುವಾದದ್ದು 1989ರಲ್ಲಿ. ಭಾರತದ ಸಂಘ 1998ರಲ್ಲಿ.

ಆದರೆ ಶಿರಸಿಯವರು ಅದಕ್ಕೂ ಮೊದಲೇ ಈ ಕೆಲಸ ಮಾಡಿದ್ದರು. 1981ರಲ್ಲಿ ಬೇಡ್ತಿ ನದಿಯ ಅಣೆಕಟ್ಟಿನ ಮಾತು ಬಂದಾಗ ತೋಟಗಾರರ ಸಹಕಾರಿ ಸಂಘ ವಿಜ್ಞಾನಿಗಳನ್ನೂ ಅರ್ಥಶಾಸ್ತ್ರಜ್ಞರನ್ನೂ ಇಲ್ಲಿಗೇ ಕರೆಸಿತು. ಬರುವ ವಿದ್ಯುತ್ ಎಷ್ಟು, ಮುಳುಗುವ ತೋಟ, ಕಾಡು ಎಷ್ಟು ಅಂತ ಎದುರುಬದುರು ಇಟ್ಟು ನೋಡಿದರು. ಯೋಜನೆ ಆಗ ನಿಂತಿತು. ಇದು ನನಗೆ ತುಂಬ ಹೆಮ್ಮೆಯ ಸಂಗತಿ. ಹೊಸಬರಿಗೆ ಮೊದಲು ಹೇಳುವ ಕಥೆಯೂ ಇದೇ.

ಸೇರಿದವರು ಉಳಿಯುವುದು ಬೇರೆ ಮಾತು. ಪಿಎಚ್‌ಡಿ ಮುಗಿದ ಮೇಲೆ ಎಷ್ಟೋ ಹುಡುಗರು ಚಂದಾ ಕಟ್ಟುವುದಿಲ್ಲ. ಸಭೆಗಳು ದೂರದ ಊರಲ್ಲಿ, ಮಾತೆಲ್ಲ ಇಂಗ್ಲಿಷಿನಲ್ಲಿ. ಮೀನುಗಾರರು, ತೋಟದವರು ಬಂದರೂ ಹಿಂದಿನ ಸಾಲಿನಲ್ಲಿ ಕೂತು ಎದ್ದು ಹೋಗುತ್ತಾರೆ. ಇದು ಬದಲಾಗದೆ ಸಂಖ್ಯೆ ಏರಿದರೂ ಪ್ರಯೋಜನವಿಲ್ಲ.

ಅಘನಾಶಿನಿ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಅಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರಿಗೆ ಯಾವ ದಿಬ್ಬದಲ್ಲಿ ಈ ವರ್ಷ ಕಡಿಮೆಯಾಗಿದೆ, ಯಾಕೆ ಅಂತ ಬಾಯಲ್ಲೇ ಲೆಕ್ಕ ಇದೆ. ಮುಂದಿನ ಸಭೆಯನ್ನು ಅಲ್ಲೇ, ಅಮಾವಾಸ್ಯೆಯ ಇಳಿತದ ಹೊತ್ತಿಗೇ ಇಟ್ಟಿದ್ದೇವೆ, ಆಗ ನೀರು ಜಾಸ್ತಿ ಇಳಿಯುತ್ತದಲ್ವಾ. ಮಾತಾಡುವವರು ಅವರು. ನಾವು ಮೊಣಕಾಲುದ್ದ ನೀರಲ್ಲಿ ನಿಂತು ಬರೆದುಕೊಳ್ಳುತ್ತೇವೆ.