ಪೆಟ್ರೋಲ್ ಟ್ಯಾಂಕ್ ಎಲ್ಲಿಡೋದು ಸ್ವಾಮಿ?

1928ರಿಂದ 1931ರವರೆಗೆ ಬಂದ ಫೋರ್ಡ್ ಮಾಡೆಲ್ ಎ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕ್ ಎಲ್ಲಿತ್ತು ಗೊತ್ತಾ? ಓಡಿಸುವವನ ಮೊಣಕಾಲಿನ ಎದುರಿಗೆ, ಸ್ವಲ್ಪ ಮೇಲೆ. ಮುಂದಿನ ಗಾಜಿಗೂ ಬಾನೆಟ್ಟಿಗೂ ನಡುವೆ ಕಾಣುವ ತಗಡೇ ಟ್ಯಾಂಕಿನ ನೆತ್ತಿ. ಒಳಗೆ ಡ್ಯಾಶ್‌ಬೋರ್ಡ್ ಎಂದು ಕಾಣುವುದು ಅದೇ ಟ್ಯಾಂಕಿನ ಹಿಂದಿನ ಗೋಡೆ. ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಗೇಜಿಗೆ ವೈರೂ ಇಲ್ಲ, ಬ್ಯಾಟರಿಯೂ ಬೇಡ. ಟ್ಯಾಂಕಿನೊಳಗೆ ತೇಲುವ ತುಂಡು ನೇರವಾಗಿ ಅಂಕಿಯನ್ನು ತಿರುಗಿಸುತ್ತದೆ. ಅದರ ಗ್ಯಾಸ್ಕೆಟ್ ಹಳತಾದರೆ ಪೆಟ್ರೋಲ್ ತೊಟ್ಟಿಕ್ಕುವುದು ಸೀದಾ ತೊಡೆಯ ಮೇಲೆ.

ಕೇಳಿದವರೆಲ್ಲ ಬೆಚ್ಚಿಬೀಳುತ್ತಾರೆ. ಅಮೆರಿಕದ ಹಾಟ್ ರಾಡ್ ಹುಡುಗರಿಗೂ ಇದು ಹಿಡಿಸಲಿಲ್ಲ. ಹಳೆ ಫೋರ್ಡ್ ತಂದು, ಮಡ್‌ಗಾರ್ಡ್ ಕಿತ್ತೆಸೆದು, ದೊಡ್ಡ ವಿ8 ಎಂಜಿನ್ ಕೂರಿಸಿ, ದಕ್ಷಿಣ ಕ್ಯಾಲಿಫೋರ್ನಿಯಾದ ಮ್ಯೂರಾಕ್, ಎಲ್ ಮಿರಾಜ್ ಎಂಬ ಒಣ ಕೆರೆಗಳಲ್ಲಿ ಶರವೇಗದಲ್ಲಿ ಓಡಿಸುತ್ತಿದ್ದವರು ಇವರು. 1937ರಲ್ಲೇ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿಕೊಂಡರು. ಮಾಡೆಲ್ ಎ ಬಾಡಿ ಸಿಕ್ಕಿದರೆ ಇಂದಿಗೂ ಅನೇಕರು ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಆ ಟ್ಯಾಂಕನ್ನು ತೆಗೆದು ಹಿಂದಕ್ಕೆ ಸಾಗಿಸುವುದು. 'ಈಗ ಸೇಫ್' ಎನ್ನುತ್ತಾರೆ.

ನನ್ನ ತಕರಾರು ಇಲ್ಲೇ. ಟ್ಯಾಂಕ್ ನಮ್ಮಿಂದ ಎಷ್ಟು ದೂರ ಇದೆ ಎನ್ನುವುದು ಮೊದಲ ಪ್ರಶ್ನೆಯೇ ಅಲ್ಲ. ಗುದ್ದು ಬೀಳುವ ಜಾಗದಿಂದ ಎಷ್ಟು ದೂರ ಇದೆ ಎನ್ನುವುದು ಮೊದಲ ಪ್ರಶ್ನೆ.

ಅದಕ್ಕೂ ಮೊದಲು ಒಂದು ಮಾತು. ಪೆಟ್ರೋಲ್ ಉರಿಯುವುದಿಲ್ಲ, ಉರಿಯುವುದು ಅದರ ಆವಿ. ಆವಿಯೂ ಸುಮ್ನೆ ಉರಿಯುವುದಿಲ್ಲ. ಗಾಳಿಯಲ್ಲಿ ಅದು ಸುಮಾರು 1.4ರಿಂದ 7.6 ಶೇಕಡಾ ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಕಿಡಿ ಹಾರಿಸಿದರೂ ಹತ್ತುವುದಿಲ್ಲ. ಜಾಸ್ತಿ ಇದ್ದರೂ ಅಷ್ಟೆ, ಆಮ್ಲಜನಕ ಸಾಲುವುದಿಲ್ಲ. ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲೇ ಪೆಟ್ರೋಲ್ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ ಎಂದಮೇಲೆ ನಮ್ಮ ರಾಯಚೂರಿನ ಬಿಸಿಲಲ್ಲಿ ಕೇಳಬೇಕೇ? ಮುಚ್ಚಿದ ಟ್ಯಾಂಕಿನೊಳಗೆ ಆವಿ 7.6ರ ಗಡಿಯನ್ನು ಎಷ್ಟೋ ದಾಟಿರುತ್ತದೆ. ಹಾಗಾಗಿ ಸಾಮಾನ್ಯ ಹವೆಯಲ್ಲಿ, ಪೆಟ್ರೋಲ್ ಇರುವ ಟ್ಯಾಂಕಿನ ಒಳಭಾಗ ಬೆಂಕಿಗೆ ಒಗ್ಗದ ಜಾಗ. ಅಪಾಯ ಇರುವುದು ಟ್ಯಾಂಕಿನ ಹೊರಗೆ. ಸೋರಿದ ಪೆಟ್ರೋಲ್ ಆವಿಯಾಗಿ ಗಾಳಿಯ ಜೊತೆ ಬೆರೆಯುತ್ತಾ ಹೋಗುವಾಗ ಎಲ್ಲೋ ಒಂದು ಕಡೆ ಆ 1.4–7.6ರ ಪಟ್ಟಿಯೊಳಗೆ ಬಂದೇ ಬರುತ್ತದೆ. ಆ ಜಾಗದಲ್ಲಿ ಕಿಡಿ ಇದ್ದರೆ ಮುಗಿಯಿತು.

ಪ್ರತಿ ಬೇಸಿಗೆಯಲ್ಲೂ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಬರುತ್ತದಲ್ಲ, 'ಫುಲ್ ಟ್ಯಾಂಕ್ ಹಾಕಿಸಬೇಡಿ, ಬಿಸಿಲಿಗೆ ಸ್ಫೋಟವಾಗುತ್ತದೆ, ಇಂಡಿಯನ್ ಆಯಿಲ್ ಎಚ್ಚರಿಕೆ' ಅಂತ? ಅದು ಸುಳ್ಳು ಎಂದು ಇಂಡಿಯನ್ ಆಯಿಲ್ ಕಂಪನಿಯೇ ಹೇಳಿದೆ. ಆದರೂ ನಿಂತಿಲ್ಲ. ಓದಿದವರೇ ಫಾರ್ವರ್ಡ್ ಮಾಡುತ್ತಾರೆ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುವುದು ಟ್ಯಾಂಕಿಗೂ ಸಲ್ಲುತ್ತದೆ. ತುಂಬಿದ ಟ್ಯಾಂಕಿನಲ್ಲಿ ಆವಿಗೆ ಜಾಗವೇ ಕಡಿಮೆ. ಹೆದರಬೇಕಾದದ್ದು ಖಾಲಿ ಟ್ಯಾಂಕಿಗೆ. ತಳದಲ್ಲಿ ಅಂಟಿದ ಹಳೆ ಪಸೆ, ಒಳಗೆಲ್ಲ ಗಾಳಿ. ಆ ಪಟ್ಟಿಯೊಳಗಿನ ಮಿಶ್ರಣ ತಯಾರಾಗುವುದು ಅಲ್ಲೇ. ಗುಜರಿಯಿಂದ ತಂದ 'ಒಣಗಿದ' ಟ್ಯಾಂಕಿಗೆ ವೆಲ್ಡಿಂಗ್ ಮಾಡಹೋಗಿ ಜೀವ ಕಳೆದುಕೊಂಡವರಿದ್ದಾರೆ. ನಮ್ಮ ಗ್ಯಾರೇಜುಗಳ ಹಳೆ ಮೇಸ್ತ್ರಿಗಳು ಟ್ಯಾಂಕಿಗೆ ನೀರು ತುಂಬಿಸಿ, ಬೆಸುಗೆಯ ಜಾಗವನ್ನಷ್ಟೇ ಮೇಲೆ ಬಿಟ್ಟು ಕೆಲಸ ಮಾಡುವುದು ಇದಕ್ಕೇ.

ಹಾಗಂತ ಆ ಸಂದೇಶದಲ್ಲಿ ಕಾಳಷ್ಟೂ ನಿಜವಿಲ್ಲ ಎನ್ನಲಾರೆ. ಪೆಟ್ರೋಲ್ ಬಿಸಿಗೆ ಹಿಗ್ಗುತ್ತದೆ. 40 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಸುಮಾರು ಮುಕ್ಕಾಲು ಲೀಟರ್ ಹೆಚ್ಚಾಗುತ್ತದೆ. ಕಾರ್ಖಾನೆಯ ಟ್ಯಾಂಕಿನಲ್ಲಿ ಇದಕ್ಕೆ ಉಪಾಯ ಇದೆ. ಪೆಟ್ರೋಲ್ ಒಳಬರುವ ಕೊಳವೆ ಟ್ಯಾಂಕಿನ ನೆತ್ತಿಗಿಂತ ಕೆಳಗೆ ತೆರೆದುಕೊಳ್ಳುತ್ತದೆ. ಮಟ್ಟ ಆ ಬಾಯಿಯನ್ನು ಮುಟ್ಟಿದ ಮೇಲೆ ಮೇಲಿನ ಗಾಳಿ ಸಿಕ್ಕಿಹಾಕಿಕೊಂಡು ಪೆಟ್ರೋಲನ್ನು ಒಳಗೆ ಬಿಡುವುದಿಲ್ಲ. ಎಷ್ಟೇ ಕುಲುಕಿ ತುಂಬಿಸಿದರೂ ಹಿಗ್ಗಲು ಜಾಗ ಉಳಿಯುತ್ತದೆ. ಮನೆಯಲ್ಲಿ ತಗಡು ಮಡಚಿ ಟ್ಯಾಂಕ್ ಮಾಡುವವನು ಕೊಳವೆಯನ್ನು ನೆತ್ತಿಗೇ ಬೆಸೆಯುತ್ತಾನೆ. ಅಂಚಿನವರೆಗೆ ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದ ಅಂದುಕೊಳ್ಳಿ. ಆ ಮುಕ್ಕಾಲು ಲೀಟರ್, ಟ್ಯಾಂಕಿಗೆ ಗಾಳಿಯಾಡಲು ಇಟ್ಟ ಉಸಿರುಕೊಳವೆಯಿಂದ ಹೊರಬರುತ್ತದೆ. ಉಸಿರುಕೊಳವೆ ತೆರೆದುಕೊಳ್ಳುವುದು ಎಲ್ಲಿ? ಅನೇಕ ಸಲ ಡಿಕ್ಕಿಯೊಳಗೆ, ಅಂದರೆ ಕಾರಿನ ಹಿಂದೆ ಸಾಮಾನು ಇಡುವ ಜಾಗದೊಳಗೆ! ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹಾರಿಹೋಗದೆ ಡಿಕ್ಕಿಯ ತಳದಲ್ಲಿ ಮಲಗುತ್ತದೆ. ತೂಕ ಸರಿದೂಗಿಸಲು ಬ್ಯಾಟರಿಯನ್ನೂ ತಂದು ಅಲ್ಲೇ ಇಡುವುದು ಹಾಟ್ ರಾಡ್‌ಗಳಲ್ಲಿ ಮಾಮೂಲು. ಕಿಡಿ ಮತ್ತು ಆವಿ ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಹೂಡಿದಂತಾಯಿತು.

ಈಗ ಗುದ್ದಿನ ವಿಷಯಕ್ಕೆ ಬರೋಣ. 1932ರ ಫೋರ್ಡ್, ಹಾಟ್ ರಾಡ್ ಲೋಕದ ಕಣ್ಮಣಿ. ಅದರಲ್ಲಿ ಕಂಪನಿಯೇ ಟ್ಯಾಂಕನ್ನು ಹಿಂದಕ್ಕೆ ಕಳಿಸಿತು. ಚಾಸಿಯ, ಅಂದರೆ ಕಾರಿನ ಅಡಿಯ ಉಕ್ಕಿನ ಚೌಕಟ್ಟಿನ, ಎರಡು ಕೊಂಬುಗಳ ನಡುವೆ, ಹಿಂದಿನ ಚಕ್ರಗಳನ್ನು ಜೋಡಿಸುವ ಆಕ್ಸಲ್‌ಗೂ ಆಚೆ. ನೋಡಲು ಬಹಳ ಚೆಂದ, ಅದಕ್ಕೇ ಅನೇಕರು ತೆಗೆಯುವುದಿಲ್ಲ. ಆದರೆ ಬಂಪರ್ ಕಿತ್ತ ರಾಡ್‌ನಲ್ಲಿ ಹಿಂದಿನಿಂದ ಬರುವ ಗಾಡಿ ಮೊದಲು ಮುಟ್ಟುವ ವಸ್ತುಗಳಲ್ಲಿ ಅದೂ ಒಂದು. ಮುಂದೆ ಗಟ್ಟಿ ಆಕ್ಸಲ್, ಹಿಂದೆ ಗುದ್ದುವ ಗಾಡಿ, ನಡುವೆ ತೆಳು ತಗಡಿನ ಟ್ಯಾಂಕ್. ತುಂಬಿದ ಟ್ಯಾಂಕಿಗೆ ಇಲ್ಲಿ ಬೇರೆಯೇ ಕಷ್ಟ. ದ್ರವವನ್ನು ಅದುಮಲು ಬರುವುದಿಲ್ಲ. ತಗಡು ಒಳಸರಿದರೆ ಒಳಗಿನ ಪೆಟ್ರೋಲ್ ಬೆಸುಗೆಯನ್ನು ಸೀಳಿಕೊಂಡೇ ಹೊರಬರಬೇಕು. ಅದಕ್ಕೇ ಅಮೆರಿಕದ ಸರ್ಕಾರಿ ಪರೀಕ್ಷೆಯಲ್ಲಿ ಟ್ಯಾಂಕನ್ನು 90ರಿಂದ 95 ಶೇಕಡಾ ತುಂಬಿಸಿ ಗುದ್ದಿಸುತ್ತಾರೆ.

ಇದೇ ಜಾಗದಲ್ಲಿ ಟ್ಯಾಂಕ್ ಇಟ್ಟು ಕುಖ್ಯಾತಿ ಪಡೆದದ್ದು 1970ರ ದಶಕದ ಫೋರ್ಡ್ ಪಿಂಟೊ. ಹಿಂದಿನಿಂದ ಗುದ್ದಿದಾಗ ಟ್ಯಾಂಕ್ ಮುಂದೆ ಸರಿದು, ಆಕ್ಸಲ್ ನಡುವಿನ ಗೇರು ಪೆಟ್ಟಿಗೆಯಾದ ಡಿಫರೆನ್ಷಿಯಲ್‌ನ ಚಾಚಿಕೊಂಡ ಬೋಲ್ಟುಗಳಿಗೆ ಚುಚ್ಚಿಕೊಳ್ಳುತ್ತಿತ್ತು. ಪೆಟ್ರೋಲ್ ತುಂಬುವ ಕೊಳವೆ ಬಾಡಿಯ ಜೊತೆ ಹೋಗಿ ಟ್ಯಾಂಕಿನಿಂದ ಕಿತ್ತುಬರುತ್ತಿತ್ತು. 1978ರಲ್ಲಿ ಸುಮಾರು 15 ಲಕ್ಷ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಮಾಡಿದ ರಿಪೇರಿ ಏನು? ಟ್ಯಾಂಕಿಗೂ ಬೋಲ್ಟಿಗೂ ನಡುವೆ ಒಂದು ಪಾಲಿಥೀನ್ ಗುರಾಣಿ, ಇನ್ನಷ್ಟು ಉದ್ದದ ಕೊಳವೆ. ಅಷ್ಟೆ. ತಮಾಷೆ ಎಂದರೆ, ಪಿಂಟೊ ವಂಶದ ಇನ್ನೊಂದು ಫೋರ್ಡ್ ಕಾರು ಮುಸ್ಟಾಂಗ್ 2ರ ಮುಂದಿನ ಸಸ್ಪೆನ್ಷನ್ ಹಾಟ್ ರಾಡ್ ಕಟ್ಟುವವರ ಅಚ್ಚುಮೆಚ್ಚಿನ ಸಾಮಾನು. ಪಿಂಟೊದ ಮುಂಭಾಗವನ್ನು ಬಾಚಿಕೊಂಡವರು ಅದರ ಹಿಂಭಾಗ ಕಲಿಸಿದ್ದನ್ನು ಮರೆತುಬಿಟ್ಟರು.

ಜನರಲ್ ಮೋಟಾರ್ಸ್‌ನ ಪಿಕಪ್ ಕಥೆ ನನಗೆ ಇನ್ನೂ ಪಾಠದಂತೆ ಕಾಣುತ್ತದೆ. 1972ರವರೆಗಿನ ಷೆವಿ ಪಿಕಪ್‌ಗಳಲ್ಲಿ ಟ್ಯಾಂಕ್ ಕ್ಯಾಬಿನ್ ಒಳಗೆ, ಸೀಟಿನ ಬೆನ್ನಿಗೇ ಇತ್ತು. ತಿರುವಿನಲ್ಲಿ ಪೆಟ್ರೋಲ್ ಕುಲುಕುವ ಸದ್ದು ಕಿವಿಗೆ ಬೀಳುತ್ತಿತ್ತು. 1973ರಿಂದ ಅದನ್ನು ಹೊರಗೆ ಹಾಕಿದರು. ಎಲ್ಲಿಗೆ? ಚಾಸಿಯ ಉದ್ದ ಕಂಬಿಗಳ ಹೊರಮಗ್ಗುಲಿಗೆ. ಜನರಿಂದ ದೂರವಾಯಿತು ನಿಜ, ಆದರೆ ಪಕ್ಕದಿಂದ ಗುದ್ದುವ ಗಾಡಿಗೆ ಹತ್ತಿರವಾಯಿತು. ಬೆಂಕಿ ಅಪಘಾತಗಳು, ಮೊಕದ್ದಮೆಗಳು ಸಾಲುಗಟ್ಟಿದವು. 1994ರಲ್ಲಿ ಕಂಪನಿ ಸರ್ಕಾರದೊಂದಿಗೆ ರಾಜಿ ಮಾಡಿಕೊಂಡಿತು.

ಹಾಗಾದರೆ ಒಳ್ಳೆ ಜಾಗ ಯಾವುದು? ಕಾರಿನಲ್ಲಿ ಎಲ್ಲಕ್ಕಿಂತ ಕೊನೆಗೆ ನುಜ್ಜುಗುಜ್ಜಾಗುವ ಜಾಗ. ಹಿಂದಿನ ಆಕ್ಸಲ್‌ಗಿಂತ ಮುಂದೆ, ಚಾಸಿಯ ಎರಡು ಕಂಬಿಗಳ ನಡುವೆ, ಉಕ್ಕಿನ ನೆಲದ ಕೆಳಗೆ. ಇಂದಿನ ಬಹುತೇಕ ಸಣ್ಣ ಕಾರುಗಳ ಟ್ಯಾಂಕ್ ಇರುವುದು ಅಲ್ಲೇ, ಹಿಂದಿನ ಸೀಟಿನ ಅಡಿಯಲ್ಲಿ. 1908ರ ಮಾಡೆಲ್ ಟಿಯಲ್ಲೂ ಟ್ಯಾಂಕ್ ಸೀಟಿನ ಕೆಳಗೇ ಇತ್ತು, ಮುಂದಿನ ಸೀಟಿನ ಕೆಳಗೆ! ಪೆಟ್ರೋಲ್ ಹಾಕಿಸಲು ಎಲ್ಲರೂ ಇಳಿಯಬೇಕು, ದಿಂಬು ಎತ್ತಬೇಕು, ಮಟ್ಟ ನೋಡಲು ಕಡ್ಡಿ ಅದ್ದಬೇಕು. ಪಂಪ್ ಇಲ್ಲದೆ ಪೆಟ್ರೋಲ್ ತನ್ನಷ್ಟಕ್ಕೆ ಇಳಿದು ಬರಬೇಕಿದ್ದರಿಂದ ಕಡಿದಾದ ಏರನ್ನು ರಿವರ್ಸ್‌ನಲ್ಲಿ ಹತ್ತುತ್ತಿದ್ದರು. ಜಾಗ ಸರಿಯಾಗಿತ್ತು, ಉಳಿದದ್ದೆಲ್ಲ ಎಡವಟ್ಟು.

ಆ ಲೆಕ್ಕದಲ್ಲಿ ಮಾಡೆಲ್ ಎ ಟ್ಯಾಂಕ್ ಇದ್ದದ್ದೂ ಕಾರಿನ ನಡುಭಾಗದಲ್ಲೇ. ಎಂಜಿನ್ ಮುಂದೆ ನಿಂತು ಗುದ್ದು ತಿನ್ನುತ್ತದೆ. ಅದರ ದೋಷ ಗುದ್ದಿನದಲ್ಲ, ಸೋರಿಕೆಯದು. ಸೋರಿದರೆ ಒಂದು ಕಡೆ ತೊಡೆ, ಇನ್ನೊಂದು ಕಡೆ ಕಾದ ಎಂಜಿನ್. ಅದನ್ನು ತೆಗೆಯುವುದು ತಪ್ಪು ಎನ್ನುತ್ತಿಲ್ಲ. ತೆಗೆದು ಆಕ್ಸಲ್ ಹಿಂದೆ ನೇತುಹಾಕಿ ನಿರಾಳವಾಗುವುದು ತಪ್ಪು.

ಹಾಟ್ ರಾಡ್‌ನಲ್ಲಿ ಆ ಒಳ್ಳೆ ಜಾಗ ಸುಲಭಕ್ಕೆ ಸಿಗುವುದಿಲ್ಲ ಎನ್ನುವುದೂ ನಿಜ. ನಡುವೆ ಎಂಜಿನ್ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಪಕ್ಕದಲ್ಲಿ ಕಾದ ಸೈಲೆನ್ಸರ್ ಪೈಪು, ಬಾಡಿ ನೆಲಕ್ಕೆ ತಾಗುವಷ್ಟು ತಗ್ಗು. ಕೊನೆಗೆ ಡಿಕ್ಕಿಯೇ ಗತಿ ಎಂದಾದರೆ ಟ್ಯಾಂಕನ್ನು ಆಕ್ಸಲ್‌ನ ನೇರ ಮೇಲಕ್ಕೆ ಎಷ್ಟು ಸಾಧ್ಯವೋ ಅಷ್ಟು ತನ್ನಿ. ಡಿಕ್ಕಿಗೂ ಸೀಟಿಗೂ ನಡುವೆ ಸಂದಿಲ್ಲದ ಉಕ್ಕಿನ ಗೋಡೆ ಹಾಕಿ. 1960ರ ದಶಕದ ಮುಸ್ಟಾಂಗ್‌ನಲ್ಲಿ ಟ್ಯಾಂಕಿನ ನೆತ್ತಿಯೇ ಡಿಕ್ಕಿಯ ನೆಲ. ಅಲ್ಲಿಂದ ಜನರಿಗೆ ಅಡ್ಡ ಇದ್ದದ್ದು ಸೀಟಿನ ಬೆನ್ನು ಮಾತ್ರ.

ಇನ್ನು ಟ್ಯಾಂಕನ್ನು ಬಿಗಿಯುವ ಪಟ್ಟಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ ಒಳಗಿನ ಪ್ರತಿಯೊಂದು ವಸ್ತುವೂ ತನ್ನ ತೂಕದ 14 ಪಟ್ಟು ಬಲದಿಂದ ಎಳೆಯುತ್ತದೆ. 40 ಲೀಟರ್ ಪೆಟ್ರೋಲ್ ಅಂದರೆ 30 ಕಿಲೋ. ಅಂದರೆ ಆ ಕ್ಷಣಕ್ಕೆ 420 ಕಿಲೋ ಭಾರ! ಟಿ-ಬಕೆಟ್ ಎಂಬ ಪುಟ್ಟ ರಾಡ್‌ಗಳಲ್ಲಿ ಸೀಟಿನ ಬೆನ್ನ ಹಿಂದೆ ಬಿಯರ್ ಪೀಪಾಯಿಯನ್ನೇ ಟ್ಯಾಂಕ್ ಮಾಡಿ ಕೂರಿಸುವ ಶೋಕಿ ಇದೆ. ತೆಳು ತಗಡಿಗೆ ನಾಲ್ಕು ಸ್ಕ್ರೂ ಹಾಕಿ ನಿಲ್ಲಿಸಿದರೆ ಆ 420 ಕಿಲೋ ಬಂದು ಬೀಳುವುದು ಯಾರ ಬೆನ್ನಿಗೆ? ಪಟ್ಟಿ ಉಕ್ಕಿನದಾಗಿರಬೇಕು, ಬೋಲ್ಟು ಚಾಸಿಗೇ ಬಿಗಿದಿರಬೇಕು.

ಟ್ಯಾಂಕಿನ ಶೋಕಿಯಲ್ಲಿ ಹಾಟ್ ರಾಡ್ ಕಟ್ಟುತ್ತಿದ್ದ ಬಿಲ್ ಬರ್ಕ್‌ನನ್ನು ಮೀರಿಸಿದವರಿಲ್ಲ ಬಿಡಿ. 1946ರಲ್ಲಿ ಆತ ಪಿ-51 ಯುದ್ಧವಿಮಾನದ ರೆಕ್ಕೆಯಡಿ ತೂಗುವ ಇಂಧನ ಟ್ಯಾಂಕನ್ನೇ ಕಾರಿನ ಬಾಡಿ ಮಾಡಿದ. ಆಮೇಲೆ ಪಿ-38ರ ಇನ್ನೂ ದೊಡ್ಡ ಟ್ಯಾಂಕಿನಲ್ಲಿ ಮನುಷ್ಯನನ್ನೂ ಎಂಜಿನನ್ನೂ ಒಳಗೇ ತುರುಕಿದ. ಗಾಳಿ ಸೀಳಲು ಅದಕ್ಕಿಂತ ಒಳ್ಳೆ ಆಕಾರ ಅಗ್ಗಕ್ಕೆ ಸಿಗುತ್ತಿರಲಿಲ್ಲ.

ಯುದ್ಧವಿಮಾನಗಳಿಂದ ಬಂದ ನಿಜವಾದ ಉಪಕಾರ ಬೇರೆ, ರಬ್ಬರ್ ಚೀಲದ ಟ್ಯಾಂಕ್. ಗುಂಡು ತೂರಿದರೆ ಪೆಟ್ರೋಲ್ ತಾಗಿದ ಹಸಿ ರಬ್ಬರ್ ಉಬ್ಬಿ ತೂತನ್ನು ತಾನೇ ಮುಚ್ಚುತ್ತಿತ್ತು. ರೇಸಿನವರು ಎಚ್ಚೆತ್ತದ್ದು 1964ರಲ್ಲಿ. ಷಾರ್ಲಟ್‌ನಲ್ಲಿ ಫೈರ್‌ಬಾಲ್ ರಾಬರ್ಟ್ಸ್, ಇಂಡಿಯಾನಾಪೊಲಿಸ್‌ನಲ್ಲಿ ಎಡ್ಡಿ ಸ್ಯಾಕ್ಸ್ ಮತ್ತು ಡೇವ್ ಮೆಕ್‌ಡೊನಾಲ್ಡ್, ಒಂದೇ ವಾರದ ಅಂತರದ ಎರಡು ಬೆಂಕಿ ಅಪಘಾತಗಳಲ್ಲಿ ಸಿಕ್ಕಿಕೊಂಡರು. ಮೂವರೂ ಉಳಿಯಲಿಲ್ಲ. ಆಮೇಲೆ ಬಂದದ್ದು ಫ್ಯುಯೆಲ್ ಸೆಲ್. ಹೊರಗೆ ಲೋಹದ ಪೆಟ್ಟಿಗೆ, ಒಳಗೆ ಹರಿಯದ ಚೀಲ, ಚೀಲದೊಳಗೆ ಜೇನುಗೂಡಿನ ಹಾಗೆ ತೂತುತೂತಾದ ಫೋಮ್. ಈಗ 'ಫ್ಯುಯೆಲ್ ಸೆಲ್' ಎಂದು ಅಗ್ಗಕ್ಕೆ ಮಾರುವ ಎಷ್ಟೋ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಚೀಲವೇ ಇರುವುದಿಲ್ಲ. ಹೆಸರಿಗೆ ದುಡ್ಡು ಕೊಟ್ಟ ಹಾಗೆ.

ಟ್ಯಾಂಕ್ ಸರಿ ಇದ್ದರೆ ಸಾಲದು, ಪೈಪೂ ನೋಡಬೇಕು. ಕ್ಲಚ್ ಪಕ್ಕದಲ್ಲಿ ಹಾಯುವ ಪೆಟ್ರೋಲ್ ಪೈಪಿಗೆ 16 ಇಂಚು ಉದ್ದದ, ಕಾಲು ಇಂಚಿನ ಅರ್ಧದಷ್ಟು ದಪ್ಪ ಗೋಡೆಯ ಉಕ್ಕಿನ ಕವಚ ಇರಬೇಕು ಎನ್ನುತ್ತದೆ ನೇರ ರಸ್ತೆಯಲ್ಲಿ ಸ್ವಲ್ಪವೇ ದೂರ ಓಡಿಸುವ ಡ್ರ್ಯಾಗ್ ರೇಸಿನ ಅಮೆರಿಕದ ಸಂಸ್ಥೆ ಎನ್‌ಎಚ್‌ಆರ್‌ಎ. ಕ್ಲಚ್ ಸಿಡಿದರೆ ಅದರ ಚೂರುಗಳು ಬಾಂಬಿನ ಚೂರುಗಳಂತೆ ಹಾರುತ್ತವೆ. ಎಲೆಕ್ಟ್ರಿಕ್ ಪಂಪ್ ಇದ್ದರೆ ಇನ್ನೊಂದು ಯೋಚನೆ. ಅಪಘಾತದಲ್ಲಿ ಎಂಜಿನ್ ನಿಂತರೂ ಪಂಪ್ ನಿಲ್ಲುವುದಿಲ್ಲ, ಹರಿದ ಪೈಪಿನಿಂದ ಪೆಟ್ರೋಲ್ ಚಿಮ್ಮಿಸುತ್ತಲೇ ಇರುತ್ತದೆ. ಅದಕ್ಕೆ ಆಯಿಲ್ ಪ್ರೆಷರ್ ಇಳಿದರೆ ಕರೆಂಟ್ ಕಡಿಯುವ ಸ್ವಿಚ್ಚೋ, ಗುದ್ದಿನ ಧಕ್ಕೆಗೆ ತಾನೇ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್ಚೋ ಹಾಕಿಸಿ. ರಸ್ತೆಯ ದೊಡ್ಡ ಗುಂಡಿಗೆ ಇಳಿದಾಗಲೂ ಈ ಎರಡನೆಯದು ಒಮ್ಮೊಮ್ಮೆ ಕರೆಂಟ್ ಕಡಿದುಬಿಡುತ್ತದೆ. ಅದರ ತಲೆಯ ಮೇಲಿನ ಬಟನ್ ಒತ್ತಿದರೆ ಸರಿ. ಹಳೆ ಮಾಡೆಲ್ ಎಯನ್ನು ಟ್ಯಾಂಕ್ ಸಮೇತ ಹಾಗೇ ಇಟ್ಟುಕೊಂಡವರಿಗೆ ಇಂಥ ಸ್ವಿಚ್ಚು ಉಪಯೋಗವಿಲ್ಲ, ಅಲ್ಲಿ ಪಂಪೇ ಇಲ್ಲವಲ್ಲ. ಅವರು ಗಾಡಿ ನಿಲ್ಲಿಸಿದಾಗಲೆಲ್ಲ ಟ್ಯಾಂಕಿನ ಅಡಿಯ ಪುಟ್ಟ ನಲ್ಲಿಯನ್ನು ಕೈಯಿಂದಲೇ ತಿರುಗಿಸಿ ಮುಚ್ಚುತ್ತಾರೆ.