ಓದುಗರ ಪ್ರಶ್ನೆ: ಮಗಳಿಗೆ ಸ್ಟೀರಿಯೋ ರುಚಿ ಹತ್ತಿಸೋದು ಹೇಗೆ?

ಪ್ರಶ್ನೆ: ಮನೆಯಲ್ಲಿ ಒಳ್ಳೆ ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್ ಇವೆ. ಕಾಲೇಜಿಗೆ ಹೋಗುವ ಮಗಳು ಮಾತ್ರ ಇಡೀ ದಿನ ಇಯರ್‌ಬಡ್ಸ್ ಸಿಕ್ಕಿಸಿಕೊಂಡಿರುತ್ತಾಳೆ. ಸೆಟ್ ಕಡೆ ತಿರುಗಿಯೂ ನೋಡಲ್ಲ. ಏನು ಮಾಡಲಿ?

ಉತ್ತರ: ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ತೀನಿ. ಆ ಸೆಟ್ ಮುಟ್ಟೋಕೆ ಅವಳನ್ನು ಯಾವತ್ತಾದ್ರೂ ಬಿಟ್ಟಿದ್ದೀರಾ? ನಮ್ಮ ಎಷ್ಟೋ ಮನೆಗಳಲ್ಲಿ ಹೈ-ಫೈ ಅಂದರೆ ಅಪ್ಪನ ಆಸ್ತಿ. ಮೇಲೊಂದು ಕ್ರೋಶಾ ಬಟ್ಟೆ, ಜೊತೆಗೆ "ಮುಟ್ಟಬೇಡ, ಹಾಳಾಗುತ್ತೆ" ಅನ್ನೋ ಗದರಿಕೆ. ಚಿಕ್ಕಂದಿನಿಂದ ಬೈಸಿಕೊಂಡ ಪೆಟ್ಟಿಗೆ ಮೇಲೆ ಯಾರಿಗೆ ಪ್ರೀತಿ ಬರುತ್ತೆ?

ಹಾಗಾಗಿ ಮೊದಲ ಕೆಲಸ, ಅವಳ ಫೋನನ್ನು ಅದಕ್ಕೆ ಜೋಡಿಸೋದು. ಒಂದು ಚಿಕ್ಕ ಬ್ಲೂಟೂತ್ ರಿಸೀವರ್ ತಂದು, ಕೆಂಪು-ಬಿಳಿ ಪಿನ್ನಿನ ಕೇಬಲ್‌ನಲ್ಲಿ ಆಂಪ್ಲಿಫೈಯರ್ ಹಿಂದೆ ಚುಚ್ಚಿ. ಆಕ್ಸ್, ಸಿಡಿ, ಟ್ಯೂನರ್ ಅಂತ ಬರೆದ ಕಡೆ ಚುಚ್ಚಬೇಕು. ಫೋನೋ ಅಂತ ಇರೋದು ಬೇಡ. ಅದು ರೆಕಾರ್ಡ್ ಪ್ಲೇಯರಿನ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸೋ ದಾರಿ, ಬೇರೆಯದನ್ನು ಕೊಟ್ಟರೆ ಸದ್ದು ಒಡೆದು ಹೋಗುತ್ತೆ.

ಬ್ಲೂಟೂತ್ ಅಂದ ಕೂಡಲೇ ನಿಮ್ಮ ಮುಖ ಸಿಂಡರಿಸಿರುತ್ತೆ, ಗೊತ್ತು. ಸಿಡಿಯಲ್ಲಿ ಹಾಡಿನ ಮಾಹಿತಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಇದ್ದರೆ ಸಾಮಾನ್ಯ ಬ್ಲೂಟೂತ್‌ನಲ್ಲಿ ಮುನ್ನೂರರ ಆಸುಪಾಸು. ಆದರೆ ಈ ಲೆಕ್ಕ ಅವಳ ಮುಂದೆ ತೆಗೀಬೇಡಿ. ಪಾಠ ಶುರುವಾದರೆ ಎದ್ದು ಹೋಗ್ತಾಳೆ.

ಹಾಡೂ ಅವಳದ್ದೇ ಇರಲಿ. ನಿಮಗೆ ಅರವತ್ತರ ದಶಕದ ಸಿನಿಮಾ ಹಾಡು ಪ್ರಾಣ ಇರಬಹುದು. ಅವು ಹೆಚ್ಚುಕಮ್ಮಿ ಎಲ್ಲವೂ ಮೋನೋ, ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು. ಎಡ-ಬಲದ ಆಟವೇ ಅದರಲ್ಲಿಲ್ಲ. ಅವಳು ಕೇಳುವ ಇವತ್ತಿನ ಹಾಡಿನಲ್ಲಿ ಆ ಆಟ ಬೇಕಾದಷ್ಟಿದೆ.

ಇನ್ನು ಜಾಗ. ಶೋಕೇಸಿನ ಮೇಲ್ತುದಿಯಲ್ಲಿ ಇಟ್ಟ ಸ್ಪೀಕರಿನಿಂದ ಏನೂ ಗೊತ್ತಾಗಲ್ಲ. ಕೆಳಗಿಳಿಸಿ, ಕೂತವರ ಕಿವಿಯ ಎತ್ತರಕ್ಕೆ ತನ್ನಿ. ಎರಡು ಸ್ಪೀಕರ್, ಒಬ್ಬ ಕೇಳುಗ: ಮೂವರ ನಡುವೆ ಒಂದೇ ಅಂತರ ಇದ್ದರೆ ಸಾಕು. ಬರೀ ಮೊಸಾಯಿಕ್ ನೆಲದ ಖಾಲಿ ಹಾಲ್ ಆದರೆ ಸದ್ದು ಗೋಡೆಯಿಂದ ಗೋಡೆಗೆ ಪುಟಿಯುತ್ತೆ. ಒಂದು ಜಮಖಾನ ಹಾಸಿ, ದಪ್ಪ ಪರದೆ ಎಳೆಯಿರಿ.

ಇಷ್ಟೆಲ್ಲ ಹೇಳುವ ನಾನೇ ಒಂದು ಸಲ ಪೇಚಿಗೆ ಸಿಕ್ಕಿದ್ದೇನೆ. ತಮ್ಮನ ಮಗ ರಜೆಗೆ ಬಂದಿದ್ದ. ಜಂಬದಿಂದ ಕೂರಿಸಿ, ಅವನದೇ ಹಾಡು ಹಾಕಿದೆ. ಅರ್ಧ ನಿಮಿಷ ಕೇಳಿ, "ದೊಡ್ಡಪ್ಪ, ಬೇಸ್ ಎಲ್ಲಿ? ನನ್ನ ಇಯರ್‌ಬಡ್ಸೇ ವಾಸಿ ಅಲ್ವಾ?" ಅಂದ. ಉರಿದು ಹೋಯ್ತು. ಈಗಿನ ಹುಡುಗರಿಗೆ ಬರೀ ಧಡ್ ಧಡ್ ಬೇಕು ಅಂದುಕೊಂಡೆ.

ರಾತ್ರಿ ಸುಮ್ನೆ ಟಾರ್ಚ್ ಹಿಡಿದು ಸ್ಪೀಕರ್ ಹಿಂದೆ ನೋಡಿದರೆ, ಒಂದರ ವೈರ್ ಉಲ್ಟಾ. ಕೆಂಪು ಇರಬೇಕಾದಲ್ಲಿ ಕಪ್ಪು. ಮನೆಗೆ ಬಣ್ಣ ಹೊಡೆಸಿದಾಗ ಬಿಚ್ಚಿ ಮತ್ತೆ ಸಿಕ್ಕಿಸಿದ್ದು ನಾನೇ. ಹೀಗಾದರೆ ಒಂದು ಸ್ಪೀಕರಿನ ಕೋನ್, ಅಂದರೆ ಅದುರಿ ಸದ್ದು ಮಾಡೋ ದುಂಡನೆ ಭಾಗ, ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತೆ. ಕೆಳಗಿನ ಸ್ವರಗಳು ಒಂದನ್ನೊಂದು ಕೊಂದುಕೊಳ್ಳುತ್ತವೆ. ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ.

ಬೆಳಿಗ್ಗೆ ವೈರ್ ಬದಲಿಸಿ ಅದೇ ಹಾಡು ಹಾಕಿದೆ. ಅವನು ಎದ್ದು ಹೋಗಿ, ಎರಡು ಸ್ಪೀಕರ್ ನಡುವಿನ ಟಿವಿಗೆ ಕಿವಿ ಇಟ್ಟ. ಹಾಡುವವಳ ದನಿ ಅಲ್ಲಿಂದಲೇ ಬರ್ತಿದೆ ಅನ್ನಿಸಿತ್ತಂತೆ. ಟಿವಿ ಆಫ್ ಆಗಿತ್ತು. ಎರಡೂ ಕಡೆಯಿಂದ ಒಂದೇ ದನಿ ಒಂದೇ ಹೊತ್ತಿಗೆ ಕಿವಿಗೆ ಬಿದ್ದರೆ ಮಿದುಳು ಅದನ್ನು ನಟ್ಟನಡುವೆ ನಿಲ್ಲಿಸುತ್ತೆ. ಇಯರ್‌ಬಡ್ಸ್‌ನಲ್ಲಿ ಆ ದನಿ ತಲೆಯೊಳಗೆ ಕೂತಿರುತ್ತೆ, ಇಲ್ಲಿ ಎದುರಿಗೆ ಬಂದು ನಿಲ್ಲುತ್ತೆ.

ನಿಮ್ಮ ಮಗಳೂ ಏನಾದರೂ ದೂರು ಹೇಳಿದರೆ ವಾದಕ್ಕೆ ಇಳಿಯೋ ಮುಂಚೆ ವೈರ್ ನೋಡಿ. ಕೋನ್ ಸುತ್ತಲಿನ ಫೋಮ್ ಪುಡಿಯಾಗಿದ್ದರೆ ಸ್ಪೀಕರ್ ಎಸೀಬೇಡಿ, ಅದೊಂದನ್ನೇ ಬದಲಿಸಬಹುದು. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಅದು ಹೆಚ್ಚಾಗಿ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸಾಮಾನ್ಯವಾಗಿ ಸರಿಹೋಗುತ್ತೆ. ಪ್ಲಗ್ ಕಿತ್ತು ಹೊಡೆಯಿರಿ. ಆ ಕ್ರೋಶಾ ಬಟ್ಟೆಯನ್ನೂ ತೆಗೆದಿಡಿ, ಆಂಪ್ಲಿಫೈಯರಿಗೆ ಗಾಳಿ ಆಡಬೇಕು.