‘ನೆಟ್ಟಗೆ ಕುಂದ್ರು’ ಅನ್ನುವ ಮುಂಚೆ: ಹದಿಹರೆಯದವರ ಬಗ್ಗಿದ ಬೆನ್ನು

ಆಸ್ಪತ್ರೆ ಪೋಸ್ಟಿಂಗ್ ಶುರುವಾಗುವ ಮುಂಚೆ ನಮ್ಮ ಬಿಪಿಟಿ (ಫಿಸಿಯೋಥೆರಪಿ ಪದವಿ) ಗೆಳೆಯರಿಗೆ ಒಂದಿಷ್ಟು ಟಿಪ್ಪಣಿ. ದಾವಣಗೆರೆಯಲ್ಲಿ ಹೈಸ್ಕೂಲು, ಪಿಯುಸಿ ಮಕ್ಕಳನ್ನು ಕರೆದುಕೊಂಡು ಬರುವ ಅಮ್ಮಂದಿರ ದೂರು ಹೆಚ್ಚುಕಮ್ಮಿ ಒಂದೇ. "ಎಷ್ಟು ಹೇಳಿದ್ರೂ ನೆಟ್ಟಗೆ ಕುಂದ್ರಲ್ಲ ನೋಡ್ರಿ, ಯಾವಾಗ್ಲೂ ಮೊಬೈಲು." ನಾವೂ ಹೂಂ ಅಂದು ವ್ಯಾಯಾಮ ಬರೆದುಕೊಡಲು ಹೊರಡುತ್ತೇವೆ. ತಡೀರಿ. ಈ ಬಾಗು ನೆಟ್ಟಗಾಗುತ್ತದಾ, ಇಲ್ಲವಾ? ಮೊದಲು ಅದು ಗೊತ್ತಾಗಬೇಕು.

ನೋಡುವುದು ಸುಲಭ. ಹುಡುಗನನ್ನು ಪಕ್ಕದಿಂದ ನೋಡಿ, ಆಮೇಲೆ ಬೋರಲು ಮಲಗಿಸಿ ಎದೆ ಎತ್ತಲು ಹೇಳಿ. ಗೂನು ಮಾಯವಾದರೆ ಅದು ಬರೀ ಭಂಗಿಯ ತೊಂದರೆ, ವ್ಯಾಯಾಮದಿಂದ ಸರಿಹೋಗುತ್ತದೆ. ಎದೆ ಎತ್ತಿದರೂ ಗೂನು ಹಾಗೇ ಗಟ್ಟಿಯಾಗಿ ಉಳಿದರೆ, ಮುಂದೆ ಬಗ್ಗಿದಾಗ ನಡುಬೆನ್ನಲ್ಲಿ ಚೂಪಾಗಿ ಕಂಡರೆ, ಶಾಯರ್‌ಮನ್ ಕೈಫೋಸಿಸ್ (ಬೆಳೆಯುವ ವಯಸ್ಸಿನಲ್ಲಿ ಬೆನ್ನುಮೂಳೆಯ ಆಕಾರವೇ ಬದಲಾಗಿ ಬರುವ ಗಟ್ಟಿ ಗೂನು) ಇರಬಹುದಾ ಅಂತ ಯೋಚಿಸಬೇಕು. ಎದೆಮಟ್ಟದ ಬೆನ್ನಿಗೆ ಸುಮಾರು 20ರಿಂದ 45 ಡಿಗ್ರಿ ಬಾಗು ಸಹಜವೇ. ಶಾಯರ್‌ಮನ್‌ನಲ್ಲಿ ಬಾಗು ಅದನ್ನು ಮೀರುತ್ತದೆ, ಎಕ್ಸ್‌ರೇಯಲ್ಲಿ ಅಕ್ಕಪಕ್ಕದ ಕನಿಷ್ಠ 3 ಬೆನ್ನುಮೂಳೆಗಳು ಮುಂಭಾಗದಲ್ಲಿ ಗಿಡ್ಡವಾಗಿ, ತಲಾ 5 ಡಿಗ್ರಿಗಿಂತ ಜಾಸ್ತಿ ಓರೆಯಾಗಿ ಕಾಣುತ್ತವೆ. ಇಂಥ ಮಗುವನ್ನು "ಸೋಮಾರಿ" ಅಂತ ಬೈದು ಏನು ಬಂತು? ಅದೇ ಮುಂದೆ ಬಗ್ಗಿಸುವ ಪರೀಕ್ಷೆಯಲ್ಲಿ ಹಿಂದೆ ನಿಂತು ಪಕ್ಕೆಲುಬನ್ನೂ ನೋಡಿಬಿಡಿ. ಒಂದು ಕಡೆ ಉಬ್ಬಿದ್ದರೆ ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಸೊಟ್ಟಗಾಗಿರುವ ಅನುಮಾನ. ಕಾಬ್ ಕೋನ (ಎಕ್ಸ್‌ರೇಯಲ್ಲಿ ಅಳೆಯುವ ಬಾಗಿನ ಅಳತೆ) 10 ಡಿಗ್ರಿ ಅಥವಾ ಜಾಸ್ತಿ ಇದ್ದರೆ ಮಾತ್ರ ಆ ಹೆಸರು. ರಾತ್ರಿ ನಿದ್ದೆಗೆಡಿಸುವ ನೋವು, ಕಾಲು ಜೋಮು, ಜ್ವರ, ಮೂತ್ರದ ಹಿಡಿತ ತಪ್ಪುವುದು, ಇವು ಕಂಡರೆ ವ್ಯಾಯಾಮದ ಮಾತೇ ಬೇಡ, ನೇರ ಮೂಳೆ ಡಾಕ್ಟರ ಹತ್ತಿರ.

ಉಳಿದವರು ಯಾಕೆ ಬಗ್ಗುತ್ತಾರೆ? ಬೆಳವಣಿಗೆ ಜೋರಾಗಿರುವ ವಯಸ್ಸು, ಮೈ ಉದ್ದವಾಗುವ ವೇಗಕ್ಕೆ ಸ್ನಾಯುಗಳ ಬಲ ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು. ಆದರೆ ನಾವು ಬೇಗ ದಾಟಿಹೋಗುವ ಕಾರಣ ಒಂದಿದೆ: ನಾಚಿಕೆ. ಕ್ಲಾಸಿಗೆಲ್ಲ ಎತ್ತರವಾಗಿಬಿಟ್ಟ ಹುಡುಗ ಗೆಳೆಯರ ಮಟ್ಟಕ್ಕೆ ತಗ್ಗಿ ನಿಲ್ಲುತ್ತಾನೆ, ಎದೆ ಬೆಳೆಯುತ್ತಿರುವ ಹುಡುಗಿ ಭುಜ ಮುಂದೆ ತಂದು ಪುಸ್ತಕ ಅಪ್ಪಿಕೊಂಡು ನಡೆಯುತ್ತಾಳೆ, ಮನೆಯಲ್ಲಿ ಎಲ್ಲರ ಮುಂದೆ "ಎದೆ ಸೆಟೆಸಿ ನಡಿ" ಅಂದಷ್ಟೂ ಇನ್ನೂ ಮುದುಡುತ್ತಾಳೆ. ಅವಳಿಗೆ ಸರಿಯಾದ ಅಳತೆಯ ಒಳಉಡುಪು ಇದೆಯಾ ಅಂತ ಅಮ್ಮನನ್ನು ಪಕ್ಕಕ್ಕೆ ಕರೆದು ಕೇಳುವುದೂ ನಮ್ಮ ಕೆಲಸವೇ.

ಮೊಬೈಲಿನ ವಿಷಯ. 60 ಡಿಗ್ರಿ ತಲೆ ಬಗ್ಗಿಸಿದರೆ ಕುತ್ತಿಗೆಗೆ 27 ಕೆಜಿ ಭಾರ ಅನ್ನುವ ಚಿತ್ರ ನೋಡಿರುತ್ತೀರಿ. 2014ರಲ್ಲಿ ಅಮೆರಿಕದ ಸರ್ಜನ್ ಕೆನೆತ್ ಹನ್ಸ್‌ರಾಜ್ ಪ್ರಕಟಿಸಿದ ಲೆಕ್ಕ ಅದು. ಕಂಪ್ಯೂಟರ್ ಮಾದರಿಯ ಲೆಕ್ಕ, ಮಕ್ಕಳ ಮೇಲೆ ಅಳೆದದ್ದಲ್ಲ. ಅದನ್ನು ತೋರಿಸಿ ಹೆದರಿಸಬೇಡಿ. ಬಗ್ಗಿ ಕೂತವರಿಗೆಲ್ಲ ನೋವು ಬರುತ್ತದೆ ಅನ್ನುವುದೂ ನಿಜವಲ್ಲ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂರುವುದೇ ತೊಂದರೆ, ಅದು ನೆಟ್ಟಗಿನ ಭಂಗಿಯಾದರೂ ಅಷ್ಟೇ! ಟ್ಯೂಷನ್‌ನಲ್ಲಿ ನೆಲದ ಮೇಲೆ ಕೂತು ಬರೆಯುವವರು ಅರ್ಧ ಗಂಟೆಗೊಮ್ಮೆ ಎದ್ದು ನಿಂತರೆ ಸಾಕು, ಪುಸ್ತಕಕ್ಕೆ ಕೆಳಗೊಂದು ಮಣೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ವ್ಯಾಯಾಮ ಸುಮ್ನೆ ಹತ್ತು ಬರೆಯಬೇಡಿ, ಯಾರೂ ಮಾಡುವುದಿಲ್ಲ. ಗಲ್ಲ ಹಿಂದಕ್ಕೆ ಎಳೆಯುವುದು, ಬಾಗಿಲ ಚೌಕಟ್ಟಿಗೆ ಕೈಯೂರಿ ಎದೆ ಹಿಗ್ಗಿಸುವುದು, ಬೋರಲು ಮಲಗಿ ಎದೆ ಎತ್ತಿ ಹಿಡಿಯುವುದು, ರಬ್ಬರ್ ಬ್ಯಾಂಡ್ ಎಳೆಯುವುದು, ಇಷ್ಟು ಸಾಕು. ನಮ್ಮೂರಲ್ಲಿ ಗರಡಿಗೆ, ಜಿಮ್‌ಗೆ ಹೋಗುವ ಹುಡುಗರು ದಂಡ, ಬೆಂಚ್‌ಪ್ರೆಸ್ ಅಂತ ಎದೆಯನ್ನೇ ಬೆಳೆಸುತ್ತಾರೆ. ಅವರಿಗೆ ತಳ್ಳುವಷ್ಟೇ ಎಳೆಯುವ ಕೆಲಸವನ್ನೂ ಕೊಡಿ: ಬಾರ್ ಹಿಡಿದು ಜೋತಾಡಲಿ, ರೋಯಿಂಗ್ (ಹುಟ್ಟು ಹಾಕುವಂತೆ ಎಳೆಯುವ ವ್ಯಾಯಾಮ) ಮಾಡಲಿ. 5ರಿಂದ 17 ವರ್ಷದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸುವ ಚಟುವಟಿಕೆ, ವಾರಕ್ಕೆ ಕನಿಷ್ಠ 3 ದಿನ ಬಲ ಬೆಳೆಸುವಂಥದ್ದು. ಕಬಡ್ಡಿಯೂ ಲೆಕ್ಕಕ್ಕೆ ಬರುತ್ತದೆ. ಎಸ್ಸೆಸ್ಸೆಲ್ಸಿ ವರ್ಷ ಅಂತ ಆಟ ಬಿಡಿಸುವ ಮನೆಗಳಿಗೆ ಇದನ್ನು ಒತ್ತಿ ಹೇಳಬೇಕು.

ಬ್ಯಾಗು ಮಗುವಿನ ತೂಕದ 10%ಗಿಂತ ಜಾಸ್ತಿ ಇರಬಾರದು ಅನ್ನುವುದು ಸರ್ಕಾರದ ನಿಯಮ. 45 ಕೆಜಿಯ ಹುಡುಗಿಗೆ 4.5 ಕೆಜಿ. ತೂಗಿ ನೋಡಿ, ಎರಡೂ ಪಟ್ಟಿ ಹಾಕಿಸಿ.

ಕೊನೆಗೆ ಆನ್‌ಲೈನ್‌ನಲ್ಲಿ ಸಿಗುವ ಬೆನ್ನಿನ ಬೆಲ್ಟು. "ತರಿಸಿಬಿಟ್ಟೀವಿ ಮೇಡಂ, ಹಾಕ್ಲಾ?" ಅಂತ ಕೇಳಿಯೇ ಕೇಳುತ್ತಾರೆ. ಹಾಕಿರುವಷ್ಟು ಹೊತ್ತು ಭುಜ ಹಿಂದೆ ಹೋಗಬಹುದು, ಸ್ನಾಯುವಿಗೆ ಬಲ ಬರುವುದಿಲ್ಲ. ಬೆಳೆಯುತ್ತಿರುವ ಮಗುವಿನ ಸ್ಕೋಲಿಯೋಸಿಸ್‌ಗೆ ಡಾಕ್ಟರು ಅಳತೆ ಕೊಟ್ಟು ಮಾಡಿಸುವ ಬ್ರೇಸ್ ಬೇರೆ, ಅದನ್ನು ದಿನದ ಬಹುಪಾಲು ಹಾಕಬೇಕು. ಇವೆರಡನ್ನೂ ಒಂದೇ ಅಂದುಕೊಂಡು ಬ್ರೇಸ್ ಬಿಚ್ಚಿಸಬೇಡಿ.